ಗೆಳೆಯನ ಲೋಡ್ ನನ್ನ ನಳಿಗೆಗೆ ಯಾಕೆ ಒಗ್ಗುತ್ತಿಲ್ಲ?

ಓದುಗರ ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಕೆಲಸದ ಮೇಲೆ ಬಂದು ಈಗ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಇದ್ದೇನೆ. ಸೆಕೆಂಡ್ ಹ್ಯಾಂಡ್ ಆಗಿ ಒಂದು .308 ವಿಂಚೆಸ್ಟರ್ ಬೋಲ್ಟ್ ರೈಫಲ್ ಕೊಂಡಿದ್ದೇನೆ. ನಳಿಗೆ ತೆಳ್ಳಗಿದೆ, 22 ಇಂಚು ಉದ್ದ, ಟ್ವಿಸ್ಟ್ (ಒಳಗಿನ ಸುರುಳಿ ಗೀರಿನ ತಿರುವು) 12 ಇಂಚಿಗೆ ಒಂದು ಸುತ್ತು. ಸೀಸದ ತಿರುಳಿನ 168 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ಗುಂಡು ಹಾಕಿ ನಾನೇ ತೋಟಾ ಕಟ್ಟಿದಾಗ 100 ಗಜದಲ್ಲಿ ಮೂರು ಮೂರು ಗುಂಡಿನ ಗ್ರೂಪ್ (ತೂತುಗಳು ಹರಡಿದ ಅಗಲ) 0.7, 1.6, 1.1, 0.8, 1.5 ಇಂಚು ಬಂತು. ಇಲ್ಲಿ ಬೇಟೆಗೆ ಸೀಸ ಬಳಸುವಂತಿಲ್ಲ. ಹಾಗಾಗಿ ಪಕ್ಕದ ನೆವಾಡದ ರೀನೊದಲ್ಲಿರುವ ಗೆಳೆಯನ ತಾಮ್ರದ ಗುಂಡಿನ ಲೋಡನ್ನು (ತೋಟಾ ಕಟ್ಟುವ ಲೆಕ್ಕವನ್ನು) ಹಾಗೇ ನಕಲು ಮಾಡಿದೆ. ಅದೂ 168 ಗ್ರೇನ್, ಅವನು ಕೊಟ್ಟ ಕೇಸ್‌ಗಳೇ (ತೋಟಾದ ಹಿತ್ತಾಳೆ ಕೊಳವೆ), ಅವನದೇ ಮದ್ದು, ಅವನದೇ ಒಟ್ಟು ಉದ್ದ. ಅವನ 24 ಇಂಚಿನ ಹೊಸ ರೈಫಲ್‌ನಲ್ಲಿ (ಟ್ವಿಸ್ಟ್ 10) ಅರ್ಧ ಇಂಚಿನ ಗ್ರೂಪ್, ಫೋಟೊ ಕಳಿಸಿದ್ದಾನೆ. ನನ್ನದರಲ್ಲಿ ಎರಡೂವರೆ ಇಂಚಿಗಿಂತ ಜಾಸ್ತಿ. ಕಾಗದದಲ್ಲಿ ತೂತುಗಳು ಸ್ವಲ್ಪ ಮೊಟ್ಟೆಯಾಕಾರ ಕಾಣುತ್ತವೆ. ಹೊಡೆದ ಮೇಲೆ ಬೋಲ್ಟ್ ಎತ್ತಲು ಸ್ವಲ್ಪ ಗಟ್ಟಿ. ನಳಿಗೆ ಕೆಟ್ಟಿದೆಯಾ? ಉದ್ದದ ನಳಿಗೆ ಹಾಕಿಸಿದರೆ ಗುರಿ ಸರಿಹೋಗುತ್ತಾ? ಗುಂಡು ರೈಫ್ಲಿಂಗ್ (ಆ ಸುರುಳಿ ಗೀರುಗಳು) ಮುಟ್ಟುವ ಹಾಗೆ ಕೂರಿಸಬೇಕು ಅಂತಾರೆ, ನಿಜವಾ? ಹಳೇ ಮಾಲೀಕ ಹೊಸದರಲ್ಲಿ ನಳಿಗೆ ಪಳಗಿಸುವ ಬ್ರೇಕ್-ಇನ್ ಮಾಡಿಲ್ಲವಂತೆ, ಅದಕ್ಕೇ ಹೀಗಾ? ಕೊನೆಗೆ, ಊರಿಗೆ ಹೋದಾಗ ಅಪ್ಪನ ಕೋವಿಗೂ ಹೀಗೆ ತೋಟಾ ಕಟ್ಟಿಕೊಡಬಹುದಾ?

ಉತ್ತರ:

ನೀವು ಅರ್ಧ ಸಾಲಿನಲ್ಲಿ ಹೇಳಿ ದಾಟಿ ಹೋದ ಮಾತಿನಿಂದಲೇ ಶುರು ಮಾಡುತ್ತೇನೆ. ಬೋಲ್ಟ್ ಎತ್ತಲು ಗಟ್ಟಿ ಅಂದಿರಿ. ಗುರಿಯ ವಿಷಯ ಆಮೇಲೆ. ಆ ತೋಟಾಗಳನ್ನು ಇನ್ನು ಒಂದೂ ಹೊಡೆಯಬೇಡಿ. ಉಳಿದಿರುವುದನ್ನು ಬುಲೆಟ್ ಪುಲ್ಲರ್‌ನಿಂದ ಬಿಚ್ಚಿಬಿಡಿ.

ತೋಟಾ ಹಾಕಿ ಬೋಲ್ಟ್ ಮುಚ್ಚುವಾಗ ಗಟ್ಟಿಯಾದರೆ ಸಾಮಾನ್ಯವಾಗಿ ಕೇಸ್‌ನ ಅಳತೆಯ ತೊಂದರೆ. ಹೊಡೆದ ಮೇಲೆ ಎತ್ತುವಾಗ ಗಟ್ಟಿಯಾದರೆ ಒತ್ತಡ ಮಿತಿ ಮೀರಿರಬಹುದು ಎಂದೇ ಹಿಡಿಯಬೇಕು. .308ಕ್ಕೆ ಅಮೆರಿಕದ ಉದ್ಯಮದ ಮಿತಿ ಚದರ ಇಂಚಿಗೆ 62,000 ಪೌಂಡ್. ಆ ಒತ್ತಡವನ್ನು ನಿಮ್ಮ ಮುಖದ ಪಕ್ಕದಲ್ಲಿ ತಡೆದು ನಿಲ್ಲಿಸುವುದು ಒಂದು ತೆಳು ಹಿತ್ತಾಳೆ ಕೇಸ್ ಮತ್ತು ಬೋಲ್ಟನ್ನು ಬಿಗಿಯಾಗಿ ಹಿಡಿದಿಡುವ ಅದರ ಕಿವಿಗಳು, ಅಷ್ಟೇ. ಕೇಸ್‌ನ ತಳ ನೋಡಿ. ಬೋಲ್ಟ್‌ನ ಎಜೆಕ್ಟರ್ (ಖಾಲಿ ಕೇಸ್ ಹೊರಗೆಸೆಯುವ ಭಾಗ) ತೂತಿನ ಗುರುತು ಹೊಳಪಾಗಿ ಅಚ್ಚಾಗಿದೆಯಾ? ಮದ್ದಿಗೆ ಕಿಡಿ ಕೊಡುವ ಪ್ರೈಮರ್‌ನ ಅಂಚು ಚಪ್ಪಟೆಯಾಗಿ ಅದು ಕೂರುವ ಗುಳಿಯ ತುಂಬಾ ಹರಡಿದೆಯಾ? ಎರಡೂ ಇದ್ದರೆ ಅನುಮಾನವೇ ಬೇಡ. ಗುರುತು ಇಲ್ಲ ಎಂದ ಮಾತ್ರಕ್ಕೆ ಒತ್ತಡ ಸರಿಯಾಗಿದೆ ಅಂತಲೂ ಅಲ್ಲ. ಈ ಗುರುತುಗಳು ತಡವಾಗಿ ಬರುತ್ತವೆ.

ಅವನ ರೈಫಲ್‌ನಲ್ಲಿ ಸುಮ್ಮನಿರುವ ಲೋಡ್ ನಿಮ್ಮದರಲ್ಲಿ ಯಾಕೆ ಗದ್ದಲ ಮಾಡುತ್ತದೆ? ಎರಡು ನಳಿಗೆಗಳ ಮೇಲೂ .308 ಎಂದು ಕೆತ್ತಿರುತ್ತಾರೆ. ಒಳಗಿನ ಅಳತೆ ಮಾತ್ರ ಒಂದೇ ಇರುವುದಿಲ್ಲ. ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಕೊರೆಯುವ ರೀಮರ್ ಉಪಕರಣ ಹೊಸದಿದ್ದಾಗ ಚೇಂಬರ್ ಸ್ವಲ್ಪ ದೊಡ್ಡದು, ಸವೆದು ಮತ್ತೆ ಮತ್ತೆ ಸಾಣೆ ಹಿಡಿಸಿದ ಮೇಲೆ ಸ್ವಲ್ಪ ಸಣ್ಣದು. ನಳಿಗೆಯ ಒಳ ವ್ಯಾಸ ಸಾವಿರದ ಒಂದು ಪಾಲು ಇಂಚಿನ ಲೆಕ್ಕದಲ್ಲಿ ಬಿಗಿಯೋ ಸಡಿಲವೋ ಇರುತ್ತದೆ. ರೈಫ್ಲಿಂಗ್ ಶುರುವಾಗುವ ಜಾಗ ಒಂದರಲ್ಲಿ ಹತ್ತಿರ, ಇನ್ನೊಂದರಲ್ಲಿ ದೂರ. ಒಂದೇ ಮದ್ದು, ಒಂದೇ ತೂಕ ಇದ್ದರೂ ಒತ್ತಡ ಬೇರೆ ಬರಲು ಇಷ್ಟು ಸಾಕು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. .308ರಲ್ಲಿ ಒಂದು ಇಂಚು ನಳಿಗೆಗೆ ಸುಮಾರು 20ರಿಂದ 30 ಅಡಿ ವೇಗದ ವ್ಯತ್ಯಾಸ. ನಿಮ್ಮ ನಳಿಗೆ ಅವನದಕ್ಕಿಂತ ಎರಡು ಇಂಚು ಗಿಡ್ಡ. ಹಾಗಾಗಿ ನಿಮ್ಮ ವೇಗ ಸೆಕೆಂಡಿಗೆ 40–60 ಅಡಿ ಕಡಿಮೆ ಬರಬೇಕು. ಅವನಷ್ಟೇ ಬಂದರೆ ಖುಷಿಪಡಬೇಡಿ. ಆ ಹೆಚ್ಚಿನ ವೇಗ ಬಹುಮಟ್ಟಿಗೆ ಹೆಚ್ಚಿನ ಒತ್ತಡದಿಂದಲೇ ಬಂದಿರುತ್ತದೆ.

ಇನ್ನೊಬ್ಬರ ಲೋಡನ್ನು ನೇರವಾಗಿ ನಕಲು ಮಾಡಬಾರದು ಅನ್ನುವುದು ಇದಕ್ಕೇ. ಮದ್ದು ಅಥವಾ ಗುಂಡು ತಯಾರಿಸುವವರ ಕೈಪಿಡಿಯಲ್ಲಿ ಆ ಗುಂಡಿಗೇ ಕೊಟ್ಟಿರುವ ಆರಂಭದ ತೂಕದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಿ. ತಾಮ್ರದ ಗುಂಡಿಗೆ ಸೀಸದ ಗುಂಡಿನ ಪಟ್ಟಿ ನಡೆಯುವುದಿಲ್ಲ. ತೂಕ ಒಂದೇ ಆದರೂ ಅದು ಉದ್ದ, ಕೇಸ್‌ನೊಳಗೆ ಜಾಗ ಜಾಸ್ತಿ ತಿನ್ನುತ್ತದೆ.

ಕೇಸ್‌ಗಳ ವಿಷಯವೂ ಇದೆ. ಅವು ಅವನ ಚೇಂಬರ್‌ನಲ್ಲಿ ಹಿಗ್ಗಿದ ಹಿತ್ತಾಳೆ. ಬರೀ ಕುತ್ತಿಗೆ ಸೈಜ್ ಮಾಡಿ ನಿಮ್ಮದರಲ್ಲಿ ಹಾಕಬೇಡಿ. ಇಡೀ ಕೇಸನ್ನು ಮತ್ತೆ ಅಳತೆಗೆ ಒತ್ತುವ ಫುಲ್ ಲೆಂಗ್ತ್ ಡೈಗೆ (ಅಚ್ಚಿಗೆ) ಹಾಕಿ, ಒಮ್ಮೆ ನಿಮ್ಮ ರೈಫಲ್‌ನಲ್ಲಿ ಹೊಡೆಯಿರಿ. ಆಮೇಲೆ ಕೇಸ್‌ನ ಹೆಗಲನ್ನು (ಕುತ್ತಿಗೆಯ ಕೆಳಗಿನ ಇಳಿಜಾರನ್ನು) 0.002 ಇಂಚಿನಷ್ಟು ಮಾತ್ರ ಹಿಂದಕ್ಕೆ ತಳ್ಳುವ ಹಾಗೆ ಡೈ ಹೊಂದಿಸಿಕೊಳ್ಳಿ.

ಈಗ ಗುರಿಗೆ ಬರೋಣ. ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದರೊಳಗೊಂದು ಬೆರೆತಿವೆ. ಸೀಸದ ಗುಂಡು ಒಮ್ಮೆ ಹೀಗೆ ಒಮ್ಮೆ ಹಾಗೆ ಹೊಡೆಯುತ್ತದೆ ಅನ್ನುವುದು ಒಂದು. ತಾಮ್ರದ ಗುಂಡು ಕೆಟ್ಟದಾಗಿ ಹೊಡೆಯುತ್ತದೆ ಅನ್ನುವುದು ಇನ್ನೊಂದು. ನನ್ನ ಪ್ರಕಾರ ಮೊದಲನೆಯದು ತೊಂದರೆಯೇ ಅಲ್ಲ. ಎರಡನೆಯದು ನಿಜವಾದ ತೊಂದರೆ.

0.7 ಮತ್ತು 1.6, ಎರಡೂ ಒಂದೇ ರೈಫಲ್

ನಿಮ್ಮ ಐದು ಗ್ರೂಪ್‌ಗಳ ಸರಾಸರಿ 1.14 ಇಂಚು. 0.7 ಬಂದಾಗ ಲೋಡ್ ಸಿಕ್ಕಿತು ಅಂದುಕೊಂಡಿರಿ, 1.6 ಬಂದಾಗ ನಳಿಗೆ ಕೆಟ್ಟಿತು ಅಂದುಕೊಂಡಿರಿ, ಅಲ್ವಾ? ಎಲ್ಲರೂ ಹೀಗೇ ಮಾಡುತ್ತಾರೆ. ಮೂರು ಗುಂಡಿನ ಗ್ರೂಪ್ ಸುಮ್ನೆ ಅದೃಷ್ಟದ ಮೇಲೇ ಮೂರನೇ ಒಂದು ಪಾಲಿಗಿಂತ ಜಾಸ್ತಿ ಮೇಲೆ ಕೆಳಗೆ ಆಡುತ್ತದೆ. ಸರಾಸರಿ ಒಂದು ಇಂಚು ಹೊಡೆಯುವ ರೈಫಲ್, ಏನೂ ಬದಲಾಗದೆ, ಈಗ 0.6 ಹೊಡೆದು ಆಮೇಲೆ 1.4 ಹೊಡೆಯುವುದು ಮಾಮೂಲು.

ಲೆಕ್ಕವೂ ಇದೆ. ಗುಂಡುಗಳು ಮಾಮೂಲಿ ರೀತಿಯಲ್ಲಿ ಚದುರುತ್ತವೆ ಎಂದುಕೊಂಡರೆ, ಮೂರು ಗುಂಡಿನ ಗ್ರೂಪ್‌ಗಳ ಸರಾಸರಿ 1 ಇಂಚು ಇರುವ ರೈಫಲ್ ಐದು ಗುಂಡಿಗೆ ಸರಾಸರಿ 1.27 ಇಂಚು, ಹತ್ತು ಗುಂಡಿಗೆ 1.58 ಇಂಚು ಹೊಡೆಯುತ್ತದೆ. ನಿಮ್ಮ ರೈಫಲ್‌ನಿಂದ ಹತ್ತು ಗುಂಡು ಹೊಡೆದರೆ 1.8 ಇಂಚಿನ ಆಸುಪಾಸು ಬರಬೇಕು. ಅದೇ ಅದರ ನಿಜವಾದ ಮುಖ. ಗೆಳೆಯ ಕಳಿಸಿದ್ದು ಒಂದು ಫೋಟೊ. ಅವನ ಹತ್ತು ಗುಂಡಿನ ಕಾಗದ ಕೇಳಿ ನೋಡಿ. ಗುಂಡಿನ ಮಂದಿ ಒಳ್ಳೇ ಗ್ರೂಪಿನ ಫೋಟೊ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ, ಉಳಿದವು ರೇಂಜಿನ ಕಸದ ಡಬ್ಬಿಗೆ ಹೋಗಿರುತ್ತವೆ.

ತೋಟಾ ಜಾಸ್ತಿ ಖರ್ಚು ಮಾಡದೆ ಇದನ್ನು ನೋಡಲು ಒಂದು ಉಪಾಯವಿದೆ. ಗುರಿ ಕಾಗದದ ಹಿಂದೆ ಇನ್ನೊಂದು ಖಾಲಿ ಕಾಗದ ಅಂಟಿಸಿ. ಮುಂದಿನ ಕಾಗದವನ್ನು ಪ್ರತಿ ಗ್ರೂಪಿಗೆ ಅದೇ ಗುರುತಿಗೆ ಸರಿಯಾಗಿ ಬದಲಾಯಿಸುತ್ತಾ ಹೋಗಿ, ಹಿಂದಿನದನ್ನು ಮುಟ್ಟಬೇಡಿ. ಸ್ಕೋಪನ್ನೂ ಮುಟ್ಟಬೇಡಿ. ನಾಲ್ಕು ಗ್ರೂಪ್ ಆದ ಮೇಲೆ ಹಿಂದಿನ ಕಾಗದ ಬಿಚ್ಚಿ ನೋಡಿ. ಹನ್ನೆರಡು ತೂತು ಒಂದೇ ಕಡೆ ಗುಂಪಾಗಿ ಕೂತಿರುತ್ತವೆ, ಅದರ ಅಗಲವನ್ನು ನಂಬಿ. ಮುಂದಿನ ಚಂದದ 0.7 ಗ್ರೂಪ್ ಆ ಗುಂಪಿನೊಳಗೆ ಎಲ್ಲಿ ಮಾಯವಾಯಿತು ಅನ್ನುವುದೂ ಕಾಣುತ್ತದೆ.

ಮದ್ದನ್ನು ಹತ್ತನೇ ಪಾಲು ಗ್ರೇನ್ ಏರಿಸುತ್ತಾ ಪ್ರತಿ ತೂಕಕ್ಕೆ ಮೂರು ಗುಂಡು ಹೊಡೆದು ‘ನೋಡ್’ (ನಳಿಗೆಯ ಕಂಪನಕ್ಕೆ ಹೊಂದಿ ಗುಂಡು ಒಂದೆಡೆ ಬೀಳುವ ಮದ್ದಿನ ತೂಕ) ಹುಡುಕುವ ಆಟದ ಬಗ್ಗೆಯೂ ನನ್ನ ಅನುಮಾನ ಇದೇ. ನಳಿಗೆ ಕಂಪಿಸುತ್ತದೆ ಅನ್ನುವುದು ಸುಳ್ಳಲ್ಲ. ಹಳೇ ಲೀ-ಎನ್‌ಫೀಲ್ಡ್ ರೈಫಲ್‌ಗಳು ದೂರದ ಗುರಿಗೆ ನಿರೀಕ್ಷೆಗಿಂತ ಚೆನ್ನಾಗಿ ಹೊಡೆಯುತ್ತಿದ್ದವು. ನಿಧಾನದ ಗುಂಡು ಹೊರಬೀಳುವ ಹೊತ್ತಿಗೆ ನಳಿಗೆಯ ಬಾಯಿ ಕೂದಲೆಳೆಯಷ್ಟು ಮೇಲಿರುತ್ತಿತ್ತು, ವೇಗದ ಗುಂಡಿಗೆ ಸ್ವಲ್ಪ ಕೆಳಗೆ. ದೂರದಲ್ಲಿ ಎರಡೂ ಹತ್ತಿರ ಹತ್ತಿರ ಬೀಳುತ್ತಿದ್ದವು. ಆದರೆ ಅದನ್ನು 100 ಗಜದಲ್ಲಿ ಮೂರು ಮೂರು ಗುಂಡಿನಿಂದ ಕಂಡುಹಿಡಿಯುತ್ತೇನೆ ಅಂದರೆ, ಬಹಳಷ್ಟು ಸಲ ಸಿಗುವುದು ಅದೃಷ್ಟದ ಏರಿಳಿತವೇ. ವಾರದ ನಂತರ ಅದೇ ಲೋಡ್ ಮತ್ತೆ ಹೊಡೆದರೆ ‘ನೋಡ್’ ಬೇರೆ ಕಡೆ ಹೋಗಿರುತ್ತದೆ.

ಮೊಟ್ಟೆಯಾಕಾರದ ತೂತು

ಎರಡನೇ ದೂರಿನ ಉತ್ತರ ನಿಮ್ಮ ಕಾಗದದಲ್ಲೇ ಇದೆ. ಕಾಗದ ಸಡಿಲವಾಗಿ ಗಾಳಿಗೆ ಆಡುತ್ತಿದ್ದರೂ ತೂತು ಹಿಗ್ಗಬಹುದು. ರಟ್ಟಿಗೆ ಬಿಗಿಯಾಗಿ ಅಂಟಿಸಿ ಒಮ್ಮೆ ನೋಡಿ. ಆಗಲೂ ಮೊಟ್ಟೆಯಾಕಾರವೇ ಬಂದರೆ ಗುಂಡು ಮೂಗು ಮುಂದೆ ಮಾಡಿ ನೆಟ್ಟಗೆ ಹೋಗುತ್ತಿಲ್ಲ, ಓರೆಯಾಗಿ ತೂಗಾಡುತ್ತಾ ಹೋಗುತ್ತಿದೆ. ಗುಂಡಿಗೆ ಬೇಕಾದಷ್ಟು ಸುತ್ತು ನಿಮ್ಮ ನಳಿಗೆ ಕೊಡುತ್ತಿಲ್ಲ.

ಬುಗುರಿ ಜೋರಾಗಿ ತಿರುಗುವಾಗ ನಿಲ್ಲುತ್ತದೆ, ನಿಧಾನವಾದಾಗ ತೂಗಾಡುತ್ತದೆ. ಗುಂಡಿನ ಕತೆಯೂ ಅದೇ. ಎಷ್ಟು ಸುತ್ತು ಬೇಕು ಅನ್ನುವುದು ಮುಖ್ಯವಾಗಿ ಗುಂಡಿನ ಉದ್ದದ ಮೇಲೆ ನಿಂತಿದೆ. ಎಲ್ಲರೂ ತೂಕದ ಲೆಕ್ಕದಲ್ಲಿ ಮಾತಾಡುತ್ತಾರೆ. ‘12 ಟ್ವಿಸ್ಟ್ 168 ಗ್ರೇನ್‌ಗೆ ಸಾಕು’ ಅನ್ನುವ ಮಾತು ಸೀಸದ ಗುಂಡಿನ ಕಾಲದ್ದು. ಆಗ ತೂಕ ಹೇಳಿದರೆ ಉದ್ದವೂ ಗೊತ್ತಾಗುತ್ತಿತ್ತು. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬರಬೇಕಾದರೆ ಗುಂಡು ಉದ್ದವಾಗಲೇಬೇಕು. ಫಿರಂಗಿ ಗುಂಡುಗಳ ಲೆಕ್ಕ ಹಾಕಿದ ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರದಲ್ಲೂ ಇರುವುದು ಉದ್ದ ಮತ್ತು ವ್ಯಾಸವೇ.

ಈಗ ಹೆಚ್ಚಾಗಿ ಬಳಸುವುದು ಡಾನ್ ಮಿಲ್ಲರ್ ಸೂತ್ರ. ಗುಂಡಿನ ತೂಕ, ವ್ಯಾಸ, ಉದ್ದ, ಟ್ವಿಸ್ಟ್ ಕೊಟ್ಟರೆ ಸ್ಥಿರತೆಯ ಒಂದು ಸಂಖ್ಯೆ ಬರುತ್ತದೆ. 1ಕ್ಕಿಂತ ಕೆಳಗೆ ಹೋದರೆ ಗುಂಡು ಪಲ್ಟಿ ಹೊಡೆಯುತ್ತದೆ. 1.4 ದಾಟಿದರೆ ನೆಮ್ಮದಿ. ನಡುವೆ ಇರುವುದು ಅಡ್ಡಗೋಡೆಯ ಮೇಲಿನ ದೀಪ. ನಿಮ್ಮ ಟ್ವಿಸ್ಟ್ 12ಕ್ಕೆ ಹಾಕಿ ನೋಡಿದೆ. ಸುಮಾರು 1.2 ಇಂಚು ಉದ್ದದ ಸೀಸದ 168 ಗ್ರೇನ್ ಗುಂಡಿಗೆ 1.7 ಬರುತ್ತದೆ. ಅಂದರೆ ಆರಾಮ. 1.4 ಇಂಚು ಉದ್ದದ ತಾಮ್ರದ 168 ಗ್ರೇನ್‌ಗೆ 1.1. ಅದೇ ತಾಮ್ರದ ಗುಂಡಿಗೆ ಗೆಳೆಯನ ಟ್ವಿಸ್ಟ್ 10ರಲ್ಲಿ 1.6. ರೀನೊ ಇರುವುದು ಸುಮಾರು 4,500 ಅಡಿ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಅದಕ್ಕೇ ಅವನ ಸಂಖ್ಯೆ ಇನ್ನೂ ಮೇಲೆ ಹೋಗುತ್ತದೆ. ನೀವಿರುವುದು ಸಮುದ್ರ ಮಟ್ಟದ ಹತ್ತಿರ. ಚಳಿಗಾಲದ ಬೆಳಗ್ಗೆ ಗಾಳಿ ದಟ್ಟವಾದಾಗ ನಿಮ್ಮ 1.1 ಇನ್ನೂ ಇಳಿಯುತ್ತದೆ.

ನಿಮ್ಮ ಗುಂಡಿನ ಉದ್ದವನ್ನು ಕ್ಯಾಲಿಪರ್ ಹಿಡಿದು ನೀವೇ ಅಳೆಯಿರಿ, ನಾನು ಹಾಕಿದ್ದು ಅಂದಾಜಿನ ಅಳತೆ. ತುದಿಯಲ್ಲಿ ಪ್ಲಾಸ್ಟಿಕ್ ಮೊನೆ ಇದ್ದರೆ ಸೂತ್ರ ಸ್ವಲ್ಪ ಬೇರೆ. ಆ ಮೊನೆಗೆ ತೂಕವಿಲ್ಲ, ಅದನ್ನು ಪೂರ್ತಿ ಉದ್ದಕ್ಕೆ ಸೇರಿಸಿದರೆ ಗುಂಡು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಗುಂಡು ಮಾಡುವವರು ತಮ್ಮ ಪಟ್ಟಿಯಲ್ಲಿ ಬೇಕಾದ ಕನಿಷ್ಠ ಟ್ವಿಸ್ಟ್ ಕೊಟ್ಟಿರುತ್ತಾರೆ. ಕೊಳ್ಳುವ ಮೊದಲು ಅದನ್ನು ನೋಡಿ. ನಳಿಗೆಯ ಟ್ವಿಸ್ಟನ್ನೂ ನಂಬಿಕೆಯ ಮೇಲೆ ಬಿಡಬೇಡಿ, ಸೆಕೆಂಡ್ ಹ್ಯಾಂಡ್ ರೈಫಲ್ ತಾನೇ. ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿ. ರಾಡ್ ಮೇಲೆ ಒಂದು ಟೇಪಿನ ಗುರುತು ಹಾಕಿ. ಆ ಗುರುತು ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತೋ ಅದೇ ಟ್ವಿಸ್ಟ್. ರಾಡ್ ಹಿಡಿಯಲ್ಲಿ ಬೇರಿಂಗ್ ಇದ್ದು ತಾನಾಗಿ ತಿರುಗುವಂಥದ್ದಾಗಿರಬೇಕು.

ಟ್ವಿಸ್ಟ್ ತಪ್ಪಿದ್ದಕ್ಕೆ ದೊಡ್ಡ ಕಂಪನಿಗಳೇ ಬೆಲೆ ತೆತ್ತಿವೆ. 1955ರಲ್ಲಿ ವಿಂಚೆಸ್ಟರ್ .243 ತಂತು, ರೆಮಿಂಗ್ಟನ್ .244 ತಂತು. ಎರಡಕ್ಕೂ ಗುಂಡಿನ ವ್ಯಾಸ ಒಂದೇ, ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ. ವಿಂಚೆಸ್ಟರ್ ಟ್ವಿಸ್ಟ್ 10 ಕೊಟ್ಟು 100 ಗ್ರೇನ್ ಗುಂಡು ಮಾರಿತು. ರೆಮಿಂಗ್ಟನ್ ಇದು ಸಣ್ಣ ಪ್ರಾಣಿಗಳಿಗೆ ಅಂದುಕೊಂಡು 12 ಕೊಟ್ಟು 90 ಗ್ರೇನ್‌ಗೆ ನಿಂತಿತು. ಜನಕ್ಕೆ ಜಿಂಕೆಗೂ ಆಗುವ ಒಂದೇ ರೈಫಲ್ ಬೇಕಿತ್ತು. ಎಲ್ಲರೂ .243 ಕಡೆಗೆ ಹೋದರು. ರೆಮಿಂಗ್ಟನ್ ಟ್ವಿಸ್ಟನ್ನು 9ಕ್ಕೆ ಬಿಗಿ ಮಾಡಿತು, 1963ರಲ್ಲಿ ಹೆಸರನ್ನೂ 6 ಎಂಎಂ ರೆಮಿಂಗ್ಟನ್ ಎಂದು ಬದಲಿಸಿತು. ಅಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟು ಹೋಗಿತ್ತು.

ಹಾಗಾದರೆ ನೀವೇನು ಮಾಡಬಹುದು? ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಎಲ್ಲಾ ಬೇಟೆಗೂ ಸೀಸವಿಲ್ಲದ ಗುಂಡೇ ಆಗಬೇಕು, ಅದರಲ್ಲಿ ಬೇರೆ ದಾರಿ ಇಲ್ಲ. ಸುಲಭವಾದದ್ದು ಗಿಡ್ಡ ತಾಮ್ರದ ಗುಂಡಿಗೆ ಇಳಿಯುವುದು. 130 ಗ್ರೇನ್ ಆಸುಪಾಸಿನದು, ಉದ್ದ 1.2 ಇಂಚಿನ ಒಳಗಿದ್ದರೆ ನಿಮ್ಮ ಟ್ವಿಸ್ಟ್ 12ರಲ್ಲೂ 1.4 ಮುಟ್ಟುತ್ತದೆ. ‘130 ಗ್ರೇನ್ ಜಿಂಕೆಗೆ ಸಾಲದು’ ಎಂದು ಹಳಬರು ಹೇಳಬಹುದು. ತಾಮ್ರದ ಗುಂಡು ಒಡೆದು ಚೂರಾಗುವುದಿಲ್ಲ, ತೂಕ ಉಳಿಸಿಕೊಂಡು ಆಳಕ್ಕೆ ಹೋಗುತ್ತದೆ. ಅದಕ್ಕೇ ಒಂದು ಮೆಟ್ಟಿಲು ಹಗುರ ಹಾಕಿದರೆ ನಡೆಯುತ್ತದೆ. ಇದರಲ್ಲಿ ಇರುವ ಕೊರತೆ ಬೇರೆ: ಹಗುರ ಗುಂಡು ದೂರ ಹೋದಂತೆ ಬೇಗ ವೇಗ ಕಳೆದುಕೊಳ್ಳುತ್ತದೆ, ಗಾಳಿಗೂ ಜಾಸ್ತಿ ಸರಿಯುತ್ತದೆ. ತಾಮ್ರ ಅರಳಬೇಕಾದರೆ ಒಂದಿಷ್ಟು ವೇಗ ಉಳಿದಿರಬೇಕು. ಹಾಗಾಗಿ ನಿಮ್ಮ ಬೇಟೆಯ ದೂರಕ್ಕೆ ಒಂದು ಮಿತಿ ಹಾಕಿಕೊಳ್ಳಬೇಕು.

168ರ ಡಬ್ಬಿ ಹೇಗೂ ಕೊಂಡಾಗಿದೆ, ಬೇಸಿಗೆಯಲ್ಲಿ ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತೆ, ಅದನ್ನೇ ಬಳಸುತ್ತೇನೆ ಅಂತ ಮಾತ್ರ ಹೊರಡಬೇಡಿ. ಓರೆಯಾಗಿ ಹೋಗುವ ಗುಂಡು ಪ್ರಾಣಿಯೊಳಗೆ ಎತ್ತ ತಿರುಗುತ್ತದೆ ಎಂದು ಹೇಳಲಾಗದು. ಗಾಯಗೊಂಡು ಓಡಿಹೋದ ಜಿಂಕೆಯನ್ನು ಸಂಜೆಗತ್ತಲಲ್ಲಿ ಹುಡುಕುವ ಕಷ್ಟ ನಿಮಗೆ ಬೇಡ, ಅದಕ್ಕೂ ಬೇಡ.

ರೈಫ್ಲಿಂಗ್ ಮುಟ್ಟಿಸಬೇಕಾ?

ಬೇಡ. ಕನಿಷ್ಠ ಈ ಗುಂಡಿಗೆ ಬೇಡ.

ಕೇಸ್‌ನ ಬಾಯಿಯ ಮುಂದೆ ರೈಫ್ಲಿಂಗ್ ಇಲ್ಲದ ಒಂದು ಗಿಡ್ಡ ಜಾಗ ಇರುತ್ತದೆ. ಅದಕ್ಕೆ ಥ್ರೋಟ್ ಅನ್ನುತ್ತಾರೆ. ಗುಂಡು ಕೇಸ್ ಬಿಟ್ಟು ರೈಫ್ಲಿಂಗ್ ಹಿಡಿಯುವ ತನಕ ಹಾರುವ ದೂರವೇ ‘ಜಂಪ್’. ಜಂಪ್ ಕಡಿಮೆ ಇದ್ದಷ್ಟೂ ಗುಂಡು ನೆಟ್ಟಗೆ ಒಳಗೆ ಹೋಗುತ್ತದೆ ಅನ್ನುವುದು ಬೆಂಚ್‌ರೆಸ್ಟ್ (ರೈಫಲನ್ನು ಮೇಜಿನ ಮೇಲಿಟ್ಟು ಹೊಡೆಯುವ) ಪಂದ್ಯದವರಿಂದ ಬಂದ ನಂಬಿಕೆ. ಅವರ ನಳಿಗೆ, ಅವರ ಗುಂಡು, ಅವರ ಕೇಸ್ ಬಾಯಿ ಎಲ್ಲವೂ ಒಂದಕ್ಕೊಂದು ಅಳೆದು ಮಾಡಿದ್ದು. ಅವರಿಗೆ ಅದು ನಿಜವೂ ಹೌದು. ಆದರೆ ಗುಂಡು ರೈಫ್ಲಿಂಗ್‌ಗೆ ಒತ್ತಿಕೊಂಡು ನಿಂತಿದ್ದರೆ ಒತ್ತಡ ಥಟ್ಟನೆ ಏರುತ್ತದೆ. ಹೊಡೆಯದ ತೋಟಾವನ್ನು ಹೊರಗೆಳೆಯುವಾಗ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು ಮದ್ದೆಲ್ಲ ಬೋಲ್ಟ್‌ನೊಳಗೆ ಚೆಲ್ಲುವುದೂ ಉಂಟು. ಕಾಡಿನಲ್ಲಿ ಹಾಗಾದರೆ ಅವತ್ತಿನ ಬೇಟೆ ಮುಗಿಯಿತು. ತಾಮ್ರದ ಗುಂಡುಗಳಂತೂ ಜಂಪ್ ಇದ್ದರೇನೇ ಚೆನ್ನಾಗಿ ಹೊಡೆಯುತ್ತವೆ. 0.050 ಇಂಚಿನಿಂದ ಶುರು ಮಾಡುವುದು ವಾಡಿಕೆ.

ನೀವು ಗೆಳೆಯನ ‘ಒಟ್ಟು ಉದ್ದ’ ನಕಲು ಮಾಡಿದಿರಿ. ಅದು ಅವನ ಥ್ರೋಟ್‌ಗೆ ಹೊಂದುವ ಉದ್ದ. ನಿಮ್ಮ ರೈಫ್ಲಿಂಗ್ ಇನ್ನೂ ಹತ್ತಿರ ಶುರುವಾಗುತ್ತಿದ್ದರೆ ಗುಂಡು ಆಗಲೇ ಮುಟ್ಟಿಕೊಂಡಿರಬಹುದು. ಬೋಲ್ಟ್ ಗಟ್ಟಿಯಾಗಲು ಅದೂ ಕಾರಣವಿರಬಹುದು. ಮೊನೆಯಿಂದ ಅಳೆಯಬೇಡಿ. ಒಂದೇ ಡಬ್ಬಿಯ ಗುಂಡುಗಳಲ್ಲೂ ಮೊನೆ ಹೆಚ್ಚು ಕಡಿಮೆ ಇರುತ್ತದೆ. ಗುಂಡಿನ ಮೂಗಿನ ಬಾಗಿದ ಭಾಗಕ್ಕೆ ಓಜೈವ್ ಅನ್ನುತ್ತಾರೆ, ಅದು ರೈಫ್ಲಿಂಗ್ ಮುಟ್ಟುವ ಜಾಗದಿಂದ ಅಳೆಯುವ ಕಂಪ್ಯಾರೇಟರ್ ಸಿಗುತ್ತದೆ, ದುಬಾರಿಯಲ್ಲ. ನಿಮ್ಮ ಮ್ಯಾಗಜೀನ್‌ನಲ್ಲಿ ಹಿಡಿಯುವ ಉದ್ದವೇ ಕೊನೆಯ ಮಿತಿ. .308ಕ್ಕೆ ನಿಗದಿಯಾದ ಗರಿಷ್ಠ ಒಟ್ಟು ಉದ್ದ 2.810 ಇಂಚು.

ಥ್ರೋಟ್ ಒಂದೇ ಜಾಗದಲ್ಲಿ ನಿಲ್ಲುವುದೂ ಇಲ್ಲ. ಪ್ರತಿ ಹೊಡೆತದ ಬಿಸಿ ಗಾಳಿ ಮೊದಲು ತಿನ್ನುವುದು ಅದನ್ನೇ. ನಳಿಗೆಯೊಳಗೆ ಇಳಿಸಿ ನೋಡುವ ಬೋರ್‌ಸ್ಕೋಪ್ ಹಾಕಿ ನೋಡಿದರೆ ರೈಫ್ಲಿಂಗ್ ಶುರುವಾಗುವ ಕಡೆ ಮೊದಲು ಲೋಹದ ಮೇಲೆ ಸಣ್ಣ ಬಿರುಕುಗಳ ಜಾಲ ಕಾಣುತ್ತದೆ, ಆಮೇಲೆ ಲ್ಯಾಂಡ್‌ಗಳ (ಗೀರುಗಳ ನಡುವಿನ ಉಬ್ಬುಗಳ) ಮೂಲೆ ಮಸುಕಾಗುತ್ತದೆ, ಆಮೇಲೆ ಅವು ಮುಂದೆ ಸರಿದಿರುತ್ತವೆ. ಮೊದಲ ಸಲ ನೋಡಿದವರು ಹೆದರಿ ನಳಿಗೆ ಬದಲಾಯಿಸಲು ಓಡಿಬರುತ್ತಾರೆ. ಬಿರುಕು ಕಂಡ ನಳಿಗೆಗಳು ಎಷ್ಟೋ ಚೆನ್ನಾಗಿ ಹೊಡೆಯುತ್ತಿರುತ್ತವೆ. .308 ಈ ವಿಷಯದಲ್ಲಿ ಸಾಧು. ಪಂದ್ಯದವರೂ ಐದು ಸಾವಿರ ಗುಂಡಿನ ತನಕ ಎಳೆಯುತ್ತಾರೆ. ಕೇಸ್‌ನಲ್ಲಿ ಮದ್ದು ಜಾಸ್ತಿ, ನಳಿಗೆಯ ತೂತು ಸಣ್ಣ ಇರುವ .243ರಂಥದ್ದು ಅದಕ್ಕಿಂತ ಬಹಳ ಬೇಗ ಸವೆಯುತ್ತದೆ. ಬಿರುಕಿಗಿಂತ ನಾನು ಹುಡುಕುವುದು ಕೇಸ್ ಬಾಯಿಯ ಮುಂದೆ ಗಟ್ಟಿಯಾಗಿ ಕಟ್ಟಿದ ಮಸಿಯ ಬಳೆ. ಮಾಮೂಲಿ ಬಟ್ಟೆಗೆ ಅದು ಬರುವುದಿಲ್ಲ. ಗುಂಡು ಆ ಬಿಗಿ ಜಾಗದಲ್ಲಿ ತೂರಿ ಹೋಗಬೇಕಾಗಿ ಒತ್ತಡವೂ ಏರುತ್ತದೆ. ಹಳೇ ಮಾಲೀಕ ಹೇಗೆ ಶುಚಿ ಮಾಡುತ್ತಿದ್ದನೋ ಯಾರಿಗೆ ಗೊತ್ತು. ಕಾರ್ಬನ್ ಕರಗಿಸುವ ದ್ರಾವಣ ಹಾಕಿ, ನೆನೆಸಿ, ಕಂಚಿನ ಬ್ರಷ್ ಆಡಿಸಿ. ನಿಮ್ಮ ಬೋಲ್ಟ್ ದೂರಿನ ಅರ್ಧ ಅಲ್ಲೇ ಕರಗಿದರೂ ನನಗೆ ಆಶ್ಚರ್ಯವಿಲ್ಲ.

ಉದ್ದ, ಬ್ರೇಕ್-ಇನ್, ಇತ್ಯಾದಿ

ಉದ್ದದ ನಳಿಗೆ ವೇಗ ಕೊಡುತ್ತದೆ, ಗುರಿ ಕೊಡುವುದಿಲ್ಲ. ಒಂದೇ ದಪ್ಪದಲ್ಲಿ ಗಿಡ್ಡ ನಳಿಗೆಯೇ ಬಿಗಿಯಾಗಿ ನಿಲ್ಲುತ್ತದೆ, ಕಡಿಮೆ ಅಲುಗುತ್ತದೆ. ಉದ್ದದ್ದು ನಿಖರ ಅನ್ನುವ ನಂಬಿಕೆ ಲೋಹದ ಸೈಟ್‌ಗಳ ಕಾಲದ್ದು. ಆಗ ಹಿಂದಿನ ಸೈಟ್ ಮತ್ತು ಮುಂದಿನ ಸೈಟ್ ದೂರ ಇದ್ದಷ್ಟೂ ಗುರಿ ಹಿಡಿಯುವಾಗ ತಪ್ಪು ಕಡಿಮೆಯಾಗುತ್ತಿತ್ತು. ನೀವು ಸ್ಕೋಪ್ ಇಟ್ಟಿದ್ದೀರಿ. 26 ಇಂಚಿನ ನಳಿಗೆಗೆ ದುಡ್ಡು ಹಾಕಬೇಡಿ.

ಬ್ರೇಕ್-ಇನ್ ಆಗಿಲ್ಲ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಒಂದು ಗುಂಡು ಹೊಡೆದು ಒಮ್ಮೆ ಒರೆಸುವ ಆ ಪೂಜೆಯಿಂದ ಥ್ರೋಟಿನ ಒರಟು ಸ್ವಲ್ಪ ಬೇಗ ನುಣುಪಾಗಬಹುದು. ಒಂದಷ್ಟು ಸಲ ರೇಂಜಿಗೆ ಹೋಗಿ ಬಂದರೆ ಅದೂ ತಾನಾಗೇ ಆಗುತ್ತದೆ. ಸೀಸದ ಗುಂಡಿನಿಂದ ತಾಮ್ರದ ಗುಂಡಿಗೆ ಹೋಗುವಾಗ ನಳಿಗೆಯನ್ನು ಹಳೇ ಗುಂಡಿನ ಹೊರ ಕವಚ ಬಿಟ್ಟುಹೋದ ತಾಮ್ರದ ಪದರ ಹೋಗುವ ಹಾಗೆ ಪೂರ್ತಿ ಶುಚಿ ಮಾಡುವುದು ಇದಕ್ಕಿಂತ ಮುಖ್ಯ. ಆಮೇಲೆ ಮೊದಲ ನಾಲ್ಕೈದು ಗುಂಡುಗಳನ್ನು ಗ್ರೂಪಿಗೆ ಲೆಕ್ಕ ಹಾಕಬೇಡಿ.

ತೆಳು ನಳಿಗೆ ಬೇಗ ಕಾಯುತ್ತದೆ. ಕಾದಾಗ ಒಳಗೆ ಉಳಿದಿರುವ ಬಿಗಿತ ಬಿಟ್ಟುಕೊಂಡು ಒಂದು ಕಡೆಗೆ ಬಾಗಬಹುದು. ಗ್ರೂಪ್ ಗುಂಡಗೆ ಬರದೆ ಮೇಲಕ್ಕೋ ಪಕ್ಕಕ್ಕೋ ಸಾಲಾಗಿ ಹೋಗುತ್ತಿದ್ದರೆ ಇದೇ ಕಾರಣ ಇರಬಹುದು. ಮೂರು ಹೊಡೆದು ಬೋಲ್ಟ್ ತೆರೆದಿಟ್ಟು ತಣಿಯಲು ಬಿಡಿ. ನಳಿಗೆ ಮತ್ತು ರೈಫಲ್‌ನ ಮರದ ದಂಡದ ನಡುವೆ ಒಂದು ನೋಟು ತೂರಿಸಿ ಆಕ್ಷನ್ (ಬೋಲ್ಟ್ ಓಡಾಡುವ ಭಾಗ) ತನಕ ಎಳೆಯಿರಿ. ಎಲ್ಲಾದರೂ ಸಿಕ್ಕಿದರೆ ಮರ ನಳಿಗೆಯನ್ನು ಮುಟ್ಟುತ್ತಿದೆ. ಆಕ್ಷನ್ ಸ್ಕ್ರೂಗಳನ್ನು ಟಾರ್ಕ್ ಸ್ಕ್ರೂಡ್ರೈವರ್‌ನಿಂದ ತಯಾರಕರು ಹೇಳಿದ ಬಿಗಿಗೆ ತನ್ನಿ. ನಮ್ಮ ಕೈಗೆ ‘ನಳಿಗೆ ಕೆಟ್ಟಿದೆ’ ಎಂದು ಬರುವ ರೈಫಲ್‌ಗಳಲ್ಲಿ ಎಷ್ಟೋ ಸಲ ಸಡಿಲವಾಗಿರುವುದು ಈ ಸ್ಕ್ರೂಗಳು, ಇಲ್ಲವೇ ಸ್ಕೋಪಿನ ರಿಂಗ್‌ಗಳು.

ನಳಿಗೆಯ ಬಾಯಿ ನೋಡುವುದನ್ನು ಮರೆಯಬೇಡಿ. ಅದಕ್ಕೆ ಕ್ರೌನ್ ಅನ್ನುತ್ತಾರೆ. ಗುಂಡಿನ ಹಿಂದಿನ ಅಂಚು ಕೊನೆಯದಾಗಿ ಬಿಡುವುದು ಅಲ್ಲಿ. ಅಲ್ಲಿ ಒಂದು ಕಡೆ ಕಚ್ಚು ಇದ್ದರೆ ಮದ್ದಿನ ಬಿಸಿ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ತಳ್ಳುತ್ತದೆ. ಹತ್ತಿಯ ಬಡ್ ತೆಗೆದುಕೊಂಡು ರೈಫ್ಲಿಂಗ್‌ನ ಕೊನೆಯ ಅಂಚಿನ ಸುತ್ತ ಒಳಗಿನಿಂದ ಹೊರಗೆ ಎಳೆಯಿರಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿದರೆ ಅಲ್ಲಿ ಮುಳ್ಳೆದ್ದಿದೆ ಎಂದು ಲೆಕ್ಕ. ಬಾಯಿಯ ಕಡೆಯಿಂದ ರಾಡ್ ಹಾಕಿ ಒರೆಸಿದ ಹಳೇ ರೈಫಲ್‌ಗಳಲ್ಲಿ ಇದು ಸಾಮಾನ್ಯ. ಕ್ರೌನ್ ಮತ್ತೆ ಕತ್ತರಿಸುವುದು ಲೇತ್ ಇರುವವರಿಗೆ ಸಣ್ಣ ಕೆಲಸ, ಹೊಸ ನಳಿಗೆಯ ಖರ್ಚಿನ ಒಂದು ಸಣ್ಣ ಪಾಲಿಗೆ ಆಗುತ್ತದೆ.

ಹೊಸ ನಳಿಗೆ ಯಾವಾಗ? 168 ಅಥವಾ ಅದಕ್ಕಿಂತ ಭಾರದ ತಾಮ್ರದ ಗುಂಡೇ ಬೇಕು, ದೂರದ ಬೇಟೆಯೇ ಬೇಕು ಅಂದರೆ ಟ್ವಿಸ್ಟ್ 10 ಇರುವುದನ್ನು ಹಾಕಿಸಬೇಕು. ಬೇರೆ ದಾರಿ ಇಲ್ಲ, ಯಾವ ಮದ್ದು ಹಾಕಿದರೂ ಟ್ವಿಸ್ಟ್ ಬದಲಾಗುವುದಿಲ್ಲ. ಹಾಕಿಸಿದ ಮೇಲೆ ಈಗಿನ ಲೋಡ್‌ಗಳೆಲ್ಲ ರದ್ದು, ಮತ್ತೆ ಕೈಪಿಡಿಯ ಆರಂಭದ ತೂಕದಿಂದ. ಬರೀ ಸೀಸದ ಗುಂಡಿನ ಆ 1.14 ಸರಾಸರಿಗಾಗಿ ಬದಲಾಯಿಸುವುದಾದರೆ ನಾನು ನಿಮ್ಮ ದುಡ್ಡು ತೆಗೆದುಕೊಳ್ಳುವುದಿಲ್ಲ. ತೆಳು ನಳಿಗೆಯ ಹಳೇ ಬೇಟೆ ರೈಫಲ್‌ಗೆ ಅದು ಒಳ್ಳೆಯ ಗುರಿಯೇ. ಜಿಂಕೆಯ ಎದೆಯ ಗುರಿ ಜಾಗ ಸುಮಾರು ಎಂಟು ಇಂಚು ಅಗಲ ಇರುತ್ತದೆ.

ಇನ್ನು ಅಪ್ಪನ ಕೋವಿ. ಅದು ಚರೆ ಹೊಡೆಯುವ ನಯ ನಳಿಗೆಯದಾದರೆ ಮೇಲಿನ ಟ್ವಿಸ್ಟ್ ಪುರಾಣ ಅದಕ್ಕೆ ಅನ್ವಯಿಸುವುದೇ ಇಲ್ಲ, ಅದರಲ್ಲಿ ರೈಫ್ಲಿಂಗ್ ಇಲ್ಲ. ಕಾನೂನಿನ ಮಾತು ಬೇರೆ ಇದೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಹಿಡಿದು ಓಡಾಡುವುದಕ್ಕೆ ಇರುವ ವಿನಾಯಿತಿ. ಮದ್ದುಗುಂಡು ತಯಾರಿಸಲು ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು. ಅಮೆರಿಕದಲ್ಲಿ ಗ್ಯಾರೇಜಿನಲ್ಲಿ ಕೂತು ಮಾಡುವ ಕೆಲಸ ಪರವಾನಗಿ ಇಲ್ಲದೆ ಊರಿನಲ್ಲಿ ಮಾಡಿದರೆ ಅಪರಾಧ. ಪ್ರೈಮರ್, ಮದ್ದು, ಖಾಲಿ ಕೇಸ್, ಒಂದನ್ನೂ ಸೂಟ್‌ಕೇಸಿಗೆ ಹಾಕಬೇಡಿ. ರೇಂಜಿಗೆ ಹೋದ ಜಾಕೆಟ್‌ನ ಜೇಬನ್ನೂ ಊರಿಗೆ ಹೊರಡುವ ಮುಂಚೆ ಒಮ್ಮೆ ತಡವಿ ನೋಡಿ. ಅಪ್ಪನಿಗೆ ಬೇಕಾದ ತೋಟಾ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಲೈಸೆನ್ಸ್ ಇರುವ ಅಂಗಡಿಯಿಂದಲೇ ಬರಲಿ.